ರೂಪ ಒಂದೇ, ಹೊಣೆ ಬೇರೆ: ನಿಜದ ಸಂಶೋಧನಾ ಲೇಖನ ಮತ್ತು ಯಂತ್ರ ಹೆಣೆದ ಲೇಖನ

ಶೀರ್ಷಿಕೆ, ಸಾರಾಂಶ, ಪೀಠಿಕೆ, ಪೂರ್ವಾಧ್ಯಯನಗಳ ಸಮೀಕ್ಷೆ, ವಿಧಾನ, ಫಲಿತಾಂಶ, ಚರ್ಚೆ, ಕೊನೆಗೆ ಪರಾಮರ್ಶನ ಪಟ್ಟಿ. ಸಂಶೋಧನಾ ಲೇಖನ ಹೇಗಿರಬೇಕೆಂದು ಕೇಳಿದರೆ ಚಿಂತಾಮಣಿಯ ಎಂ.ಎ. ವಿದ್ಯಾರ್ಥಿಯೂ ಬೆಂಗಳೂರಿನ ಪ್ರಾಧ್ಯಾಪಕರೂ ಹೇಳುವುದು ಇದನ್ನೇ. ಈ ಅಂಗಗಳೆಲ್ಲ ಯಥಾಸ್ಥಾನದಲ್ಲಿರುವ ಲೇಖನವೊಂದನ್ನು ಕಂಪ್ಯೂಟರ್ ಈಗ ಒಂದೆರಡು ನಿಮಿಷದಲ್ಲಿ ಕೈಗಿಡುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುವುದು ಎಲ್ಲಿ? ಭಾಷೆಯಲ್ಲಿಯೇ, ರಚನೆಯಲ್ಲಿಯೇ, ಉಲ್ಲೇಖಗಳಲ್ಲಿಯೇ? ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆಗೆ ಬಂದಿರುವ ಉತ್ತರಗಳನ್ನು ಇಲ್ಲಿ ಒಟ್ಟಿಗೆ ನೋಡೋಣ. ಉದಾಹರಣೆಗಳಿಗೆ ದೂರ ಹೋಗಬೇಕಾಗಿಲ್ಲ. ಆಕಾಶ, ಭೂಕಂಪನ, ಶಾಸನ, ರೇಷ್ಮೆ, ಅಂತರ್ಜಲ, ಎಲ್ಲದರ ಮೇಲೂ ಚಿಕ್ಕಬಳ್ಳಾಪುರ ಜಿಲ್ಲೆಯಿಂದ ವಿದ್ವತ್ ಬರಹ ಹೊರಟಿದೆ.

ಕೆರೆಯ ಮೇಲೊಂದು ದೂರದರ್ಶಕ

ಲೇಖನದ ಕಟ್ಟುಪಾಡುಗಳು ಅಲಂಕಾರಕ್ಕೆ ಹುಟ್ಟಿದವಲ್ಲ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆ ಶುರುಮಾಡಿದಾಗ ಬರುತ್ತಿದ್ದುದು ಬಹುಮಟ್ಟಿಗೆ ಕಾಗದಗಳ ರೂಪದ ವರದಿಗಳು. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ಇಂದಿನ ವಿಭಾಗ ಎಲ್ಲೆಡೆ ಗಟ್ಟಿಯಾದದ್ದು 20ನೇ ಶತಮಾನದಲ್ಲಿ. ಒಂದೊಂದು ವಿಭಾಗವೂ ಓದುಗನ ಒಂದೊಂದು ಅನುಮಾನಕ್ಕೆ ಉತ್ತರ. ಹೇಗೆ ಅಳೆದೆ ಎಂಬ ಅನುಮಾನಕ್ಕೆ ವಿಧಾನ, ನಿನಗಿಂತ ಮೊದಲು ಯಾರು ಹೇಳಿದ್ದರು ಎಂಬುದಕ್ಕೆ ಉಲ್ಲೇಖ, ಎಷ್ಟು ನಂಬಲಿ ಎಂಬುದಕ್ಕೆ ದೋಷದ ಅಂದಾಜು.

ಗೌರಿಬಿದನೂರಿನ ಉದಾಹರಣೆ ನೋಡಿ. 1965ರಿಂದ ಅಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನಮಾಪಕಗಳ ಸಾಲು ಕೆಲಸ ಮಾಡುತ್ತಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ, ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ರೇಡಿಯೊ ದೂರದರ್ಶಕವೂ ಅಲ್ಲೇ ಇತ್ತು. ಪೂರ್ವ-ಪಶ್ಚಿಮ ತೋಳು 1.4 ಕಿ.ಮೀ., ದಕ್ಷಿಣದ ತೋಳು 0.45 ಕಿ.ಮೀ. 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ಆಕಾಶದ ನಕ್ಷೆಯನ್ನು ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದ್ದು ಈ ಉಪಕರಣದ ಬಲದಿಂದ. ಇಲ್ಲಿಂದ ಹೊರಡುವ ಸೌರ ರೇಡಿಯೊ ಲೇಖನಗಳ ಕೊನೆಯಲ್ಲಿ ವೀಕ್ಷಣಾಲಯದ ಸಿಬ್ಬಂದಿಗೆ ಕೃತಜ್ಞತೆ ಹೇಳುವ ವಾಡಿಕೆಯಿದೆ: ಆಂಟೆನಾ, ರಿಸೀವರ್‌ಗಳನ್ನು ನೋಡಿಕೊಂಡಿದ್ದಕ್ಕೆ, ದತ್ತಾಂಶ ಹಿಡಿದುಕೊಟ್ಟಿದ್ದಕ್ಕೆ. ಓದುಗ ಕಣ್ಣು ಹಾಯಿಸದೆ ಬಿಡುವ ಸಾಲು ಅದು. ಆದರೆ ಆ ಸಾಲಿನ ಹಿಂದೆ ಬಿಸಿಲಲ್ಲಿ ತಂತಿ ಬಿಗಿದ ಜನರಿದ್ದಾರೆ. ಹೋಗಿ ಕೇಳಿದರೆ ಸಿಗುತ್ತಾರೆ.

ಇನ್ನೂ ಒಳ್ಳೆಯ ಉದಾಹರಣೆ ರಾಮನ್ ಸಂಸ್ಥೆಯ ‘ಸಾರಸ್’ ದೂರದರ್ಶಕ. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಕ್ಷೀಣ ರೇಡಿಯೊ ಸಂಕೇತವನ್ನು ಹಿಡಿದೆವೆಂದು 2018ರಲ್ಲಿ ‘ಎಡ್ಜಸ್’ ಎಂಬ ಅಮೆರಿಕನ್ ತಂಡ ‘ನೇಚರ್’ ಪತ್ರಿಕೆಯಲ್ಲಿ ಹೇಳಿತು. ಅವರ ಉಪಕರಣವಿದ್ದದ್ದು ಪಶ್ಚಿಮ ಆಸ್ಟ್ರೇಲಿಯಾದ ಬರಡು ನೆಲದಲ್ಲಿ. ಆ ಮಾತನ್ನು ಪರೀಕ್ಷಿಸಲು ಹೊರಟ ರಾಮನ್ ಸಂಸ್ಥೆಯ ವಿಜ್ಞಾನಿಗಳಿಗೆ ನೆಲವೇ ತೊಡಕಾಗಿತ್ತು. ಮಣ್ಣು, ಬಂಡೆ, ತೇವ ಪದರಪದರವಾಗಿ ಬೇರೆಬೇರೆ ಇರುವುದರಿಂದ ಆಂಟೆನಾದ ಕೆಳಗಿನಿಂದ ಬರುವ ಪ್ರತಿಫಲನ ಸಂಕೇತವನ್ನೇ ಕೆಡಿಸಬಲ್ಲದು. ನೀರು ಆಳದವರೆಗೂ ಒಂದೇ ಸಮ. ಹಾಗಾಗಿ 2020ರ ಆರಂಭದಲ್ಲಿ ಸಾರಸ್-3 ಆಂಟೆನಾವನ್ನು ತೆಪ್ಪದ ಮೇಲೇರಿಸಿ, ನಮ್ಮ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. 2022ರ ಫೆಬ್ರವರಿಯಲ್ಲಿ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಫಲಿತಾಂಶ ಬಂತು: ಎಡ್ಜಸ್ ಹೇಳಿದ ಆಕಾರದ ಸಂಕೇತ ಇಲ್ಲಿ ಇಲ್ಲ, ಹೀಗೆ ತಳ್ಳಿಹಾಕುವುದಕ್ಕಿರುವ ವಿಶ್ವಾಸ ಶೇ 95.3.

ಆ ಅಂಕಿಯಲ್ಲಿ ತಮ್ಮ ಮಾತು ತಪ್ಪಾಗಿರಲು ಎಷ್ಟು ಅವಕಾಶವಿದೆ ಎಂಬುದನ್ನೂ ಬರೆದವರೇ ಹೇಳಿಬಿಟ್ಟಿದ್ದಾರೆ. ಎಲ್ಲಿ, ಯಾವ ನೀರಿನ ಮೇಲೆ, ಯಾವ ಆಂಟೆನಾದಿಂದ ಎಂಬುದನ್ನೂ ಹೇಳಿದ್ದಾರೆ. ಎದುರಾಳಿ ತಂಡ ಬಂದು ಅದೇ ಕೆರೆಯಲ್ಲಿ ಮತ್ತೆ ಅಳೆಯಬಹುದು. ನಿಜದ ಲೇಖನ ತನ್ನನ್ನು ಸುಳ್ಳೆಂದು ತೋರಿಸಲು ಬೇಕಾದ ಸಲಕರಣೆಯನ್ನು ತಾನೇ ಓದುಗನ ಕೈಗೆ ಕೊಡುತ್ತದೆ. ಮುಂದಿನ ಹೋಲಿಕೆಗೆಲ್ಲ ಇದೇ ಅಳತೆಗೋಲು.

ಶಾಸನದ ಪಾಠದಲ್ಲಿ ಉಳಿಸಿದ ಚುಕ್ಕಿಗಳು

ಮಾನವಿಕ ವಿಷಯಗಳಲ್ಲೂ ಮಾತು ಇದೇ, ಪದ್ಧತಿ ಬೇರೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟ, ಕೋಲಾರ ಜಿಲ್ಲೆಯದು, 1905ರಲ್ಲಿ ಹೊರಬಂತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಆದ್ದರಿಂದ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಶಾಸನಗಳನ್ನು ಹುಡುಕುವವರು ಇಂದಿಗೂ ಕೋಲಾರದ ಸಂಪುಟವನ್ನೇ ತೆರೆಯಬೇಕು. ಅಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ. ಸಂಪುಟ, ತಾಲ್ಲೂಕು, ಸಂಖ್ಯೆ, ಈ ಮೂರನ್ನು ಬರೆದರೆ ಸಾಕು, ಯಾವ ಊರಿನ ಯಾವ ಹೊಲದ ಕಲ್ಲು ಎಂಬುದು ಗೊತ್ತಾಗುತ್ತದೆ. ಸಂದೇಹವಿದ್ದವರು ಗಾಡಿ ಹತ್ತಿ ಹೋಗಿ ಕಲ್ಲನ್ನೇ ಓದಬಹುದು.

ಆ ಪುಟಗಳಲ್ಲಿ ಗಮನಿಸಬೇಕಾದ ಇನ್ನೊಂದು ಪದ್ಧತಿಯಿದೆ. ಕಲ್ಲು ಚಕ್ಕೆಯೆದ್ದಿರುವಲ್ಲಿ, ಅಕ್ಷರ ಸವೆದಿರುವಲ್ಲಿ ಸಂಪಾದಕ ಚುಕ್ಕಿಗಳನ್ನಷ್ಟೇ ಇಟ್ಟು ಮುಂದೆ ಹೋಗುತ್ತಾನೆ. ‘ಇಲ್ಲಿ ತ್ರುಟಿತ’ ಎನ್ನುವುದು ಶಾಸನ ವಿದ್ವಾಂಸರ ದಿನಬಳಕೆಯ ಮಾತು. ದಾನ ಕೊಟ್ಟವನ ಹೆಸರಿನಲ್ಲಿ ಎರಡಕ್ಷರ ಉಳಿದಿದ್ದರೆ ಅಚ್ಚಾಗುವುದು ಎರಡಕ್ಷರವೇ. ಮೂರನೆಯದನ್ನು ಊಹಿಸಿದರೆ ಕಂಸದಲ್ಲಿಟ್ಟು, ಊಹೆಯೆಂದೇ ತೋರಿಸಬೇಕು. ಯಂತ್ರಕ್ಕೆ ಇದು ಹಿಡಿಸದ ಕೆಲಸ. ಅದರ ಕಸುಬೇ ಮುಂದಿನ ಪದ ಯಾವುದಿರಬಹುದೆಂದು ಲೆಕ್ಕಹಾಕಿ ತುಂಬುವುದು. ಸವೆದ ಸಾಲು ಕೊಟ್ಟರೆ ಇಡೀ ಸಾಲನ್ನು ನುಣುಪಾಗಿ ಕೊಡುತ್ತದೆ. ಉಳಿದಿದ್ದ ಅಕ್ಷರ ಯಾವುದು, ತಾನು ಸೇರಿಸಿದ್ದು ಯಾವುದು ಎಂಬ ಗೆರೆ ಅಳಿಸಿಹೋಗಿರುತ್ತದೆ.

ಆಧುನಿಕ ಚರಿತ್ರೆಯಲ್ಲೂ ಹಾಗೆಯೇ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹದ ಸಭೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಹೋರಾಟಗಾರರ ಲೆಕ್ಕಕ್ಕೂ ದೊಡ್ಡ ಅಂತರ. ಎರಡನೆಯದು 30 ದಾಟುತ್ತದೆ. ಚರಿತ್ರೆ ಬಲ್ಲವನು ಎರಡನ್ನೂ ಇಟ್ಟು, ಯಾವ ಲೆಕ್ಕ ಯಾರದು, ಯಾವ ಆಧಾರದ್ದು ಎಂದು ಬರೆಯುತ್ತಾನೆ. ಜಗಳವನ್ನು ಜಗಳವಾಗಿಯೇ ಉಳಿಸುವುದು ಇಲ್ಲಿನ ಶಿಸ್ತು. ಯಂತ್ರದ ಬರಹ ಒಂದು ಸಂಖ್ಯೆಯನ್ನು ಆರಿಸಿಕೊಂಡು ಶಾಂತವಾಗಿ ಮುಂದಿನ ವಾಕ್ಯಕ್ಕೆ ನಡೆಯುತ್ತದೆ.

ತಮಾಷೆಯಿಂದ ದಂಧೆಗೆ

ಯಂತ್ರದ ಲೇಖನಗಳ ಚರಿತ್ರೆ ಶುರುವಾದದ್ದು ತಮಾಷೆಯಿಂದ. 2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು, ಜೆರೆಮಿ ಸ್ಟ್ರಿಬ್ಲಿಂಗ್, ಮ್ಯಾಕ್ಸ್ ಕ್ರೋನ್, ಡಾನ್ ಅಗ್ವಾಯೊ, ‘ಸೈಜೆನ್’ ಎಂಬ ಪ್ರೋಗ್ರಾಂ ಬರೆದರು. ವಾಕ್ಯಗಳ ಅಚ್ಚು ಮೊದಲೇ ಸಿದ್ಧ. ಖಾಲಿ ಜಾಗಗಳಲ್ಲಿ ಕಂಪ್ಯೂಟರ್ ವಿಜ್ಞಾನದ ಪಾರಿಭಾಷಿಕ ಪದಗಳನ್ನು ಮನಬಂದಂತೆ ತುಂಬುವುದಷ್ಟೇ ಅದರ ಕೆಲಸ. ಗ್ರಾಫು, ಉಲ್ಲೇಖ ಎಲ್ಲ ಇರುತ್ತಿದ್ದವು, ಅರ್ಥ ಮಾತ್ರ ಇರಲಿಲ್ಲ. ಹಾಗೆ ಹುಟ್ಟಿದ ‘ರೂಟರ್’ ಎಂಬ ಪ್ರಬಂಧವನ್ನು ಫ್ಲಾರಿಡಾದ ಆರ್ಲ್ಯಾಂಡೋದಲ್ಲಿ ನಡೆಯಲಿದ್ದ ಒಂದು ಸಮ್ಮೇಳನ, ಪರಿಶೀಲನೆಗೊಳಪಡದ ಪ್ರಬಂಧವೆಂದು ಒಪ್ಪಿಕೊಂಡಿತು. ನಗೆಪಾಟಲಾದ ಮೇಲೆ ಒಪ್ಪಿಗೆ ಹಿಂದೆಗೆಯಿತು. 2012ರಲ್ಲಿ ಗಣಿತಕ್ಕೂ ಇಂಥದೇ ‘ಮ್ಯಾತ್‌ಜೆನ್’ ಬಂತು; ಅದರ ಲೇಖನಕ್ಕೂ ಒಂದು ಪತ್ರಿಕೆಯ ಒಪ್ಪಿಗೆ ಸಿಕ್ಕಿತು.

ಗ್ರೆನೋಬಲ್‌ನ ಸಿರಿಲ್ ಲಾಬೆ 2010ರಲ್ಲಿ ಇನ್ನೊಂದು ಹೆಜ್ಜೆ ಹೋದರು. ‘ಐಕ್ ಆಂಟ್ಕೇರ್’ ಎಂಬ ಇಲ್ಲದ ವಿಜ್ಞಾನಿಯನ್ನು ಸೃಷ್ಟಿಸಿ, ಅವನ ಹೆಸರಲ್ಲಿ ಒಂದನ್ನೊಂದು ಉಲ್ಲೇಖಿಸುವ ನೂರಕ್ಕೂ ಹೆಚ್ಚು ಸೈಜೆನ್ ಲೇಖನಗಳನ್ನು ಜಾಲತಾಣದಲ್ಲಿಟ್ಟರು. ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ಆ ಪುಣ್ಯಾತ್ಮನ ಎಚ್-ಇಂಡೆಕ್ಸ್, ಅಂದರೆ ಉಲ್ಲೇಖಗಳಿಂದ ವಿಜ್ಞಾನಿಯ ಪ್ರಭಾವ ಅಳೆಯುವ ಅಂಕ, 94ಕ್ಕೇರಿತು. ಅದೇ ಲಾಬೆ ಮುಂದೆ ಸ್ಪ್ರಿಂಗರ್ ಮತ್ತು ಐಇಇಇ ಪ್ರಕಟಣೆಗಳನ್ನು ಜಾಲಾಡಿ 120ಕ್ಕೂ ಹೆಚ್ಚು ಸೈಜೆನ್ ಪ್ರಬಂಧಗಳನ್ನು ಹೊರಗೆಳೆದರು. 2014ರಲ್ಲಿ ಪ್ರಕಾಶಕರು ಅವನ್ನು ತೆಗೆದುಹಾಕಿದರು. ಆ ಹೊತ್ತಿಗೆ ಅದು ತಮಾಷೆಯಾಗಿ ಉಳಿದಿರಲಿಲ್ಲ. ಪ್ರಕಟಣೆಗಳ ಎಣಿಕೆ ಹೆಚ್ಚಿಸಿಕೊಳ್ಳಲು ಜನ ಅದನ್ನು ನಿಜವಾಗಿಯೇ ಬಳಸತೊಡಗಿದ್ದರು.

ಮುಂದಿನ ಅವತಾರ ಪದ ಬದಲಿಸುವ ತಂತ್ರಾಂಶಗಳದು. ಬೇರೆಯವರ ಲೇಖನ ಎತ್ತಿ, ನಕಲು ಪತ್ತೆ ತಂತ್ರಾಂಶಕ್ಕೆ ಸಿಗದಂತೆ ಪ್ರತಿ ಪದಕ್ಕೂ ಪರ್ಯಾಯ ಹಾಕುವ ಕೆಲಸ ಇವುಗಳದು. ಗಿಯೋಮ್ ಕಬನಾಕ್, ಲಾಬೆ ಮತ್ತು ಅಲೆಕ್ಸಾಂಡರ್ ಮಗಜಿನೊವ್ 2021ರಲ್ಲಿ ಇಂಥ ಪದಪುಂಜಗಳನ್ನು ಪಟ್ಟಿಮಾಡಿದರು. ‘ಬ್ರೆಸ್ಟ್ ಕ್ಯಾನ್ಸರ್’ ಇದ್ದಲ್ಲಿ ‘ಬೋಸಮ್ ಪೆರಿಲ್’, ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಇದ್ದಲ್ಲಿ ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’. ವಿಷಯ ಬಲ್ಲ ಒಬ್ಬ ಓದಿದ್ದರೂ ಹಿಡಿಯಬಹುದಾದ ತಪ್ಪುಗಳು ಇವು. ಅಚ್ಚಾಗಿದ್ದವೆಂದರೆ ಯಾರೂ ಓದಿರಲಿಲ್ಲವೆಂದೇ ಅರ್ಥ. ಹಿಂದಾವಿ ಎಂಬ ಪ್ರಕಾಶನದ ಪತ್ರಿಕೆಗಳಿಂದ ಎಂಟು ಸಾವಿರಕ್ಕೂ ಹೆಚ್ಚು ಲೇಖನಗಳು 2023ರ ಒಂದೇ ವರ್ಷದಲ್ಲಿ ಹಿಂತೆಗೆಯಲ್ಪಟ್ಟವು.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಈ ಬಗೆಯ ಹಾಸ್ಯಾಸ್ಪದ ಗುರುತುಗಳೂ ಅಳಿಯತೊಡಗಿದವು. ಅಲ್ಲೊಂದು ಇಲ್ಲೊಂದು ಎಡವಟ್ಟು ಸಿಕ್ಕಿದ್ದುಂಟು. 2024ರಲ್ಲಿ ಎಲ್ಸ್‌ವಿಯರ್ ಪತ್ರಿಕೆಯೊಂದರ ಲೇಖನ, ‘ಖಂಡಿತ, ನಿಮ್ಮ ವಿಷಯಕ್ಕೊಂದು ಪೀಠಿಕೆ ಇಲ್ಲಿದೆ’ ಎಂಬರ್ಥದ ಯಂತ್ರದ ಉತ್ತರವನ್ನೇ ಮೊದಲ ಸಾಲಾಗಿಟ್ಟುಕೊಂಡು ಅಚ್ಚಾಗಿತ್ತು. ಅದೇ ವರ್ಷ ಇನ್ನೊಂದು ಪತ್ರಿಕೆ, ಯಂತ್ರ ಬರೆದ ಅಸಂಬದ್ಧ ಇಲಿಯ ಚಿತ್ರವನ್ನು ಪ್ರಕಟಿಸಿ ಲೇಖನ ಹಿಂತೆಗೆದುಕೊಂಡಿತು. ಇವು ಅಜಾಗರೂಕರು ಬಿಟ್ಟ ಹೆಜ್ಜೆಗುರುತು. ಜಾಗರೂಕರದು ಹೀಗೆ ಸಿಗುವುದಿಲ್ಲ. ಒಂದೂವರೆ ಕೋಟಿ ವೈದ್ಯಕೀಯ ಸಾರಾಂಶಗಳ ಪದಬಳಕೆ ಅಳೆದ ಅಧ್ಯಯನವೊಂದು, 2024ರ ಸಾರಾಂಶಗಳಲ್ಲಿ ಕನಿಷ್ಠ ಶೇ 13.5ರಷ್ಟನ್ನು ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗಳು ಮುಟ್ಟಿವೆಯೆಂದು ಅಂದಾಜಿಸಿತು. ಇವೆಲ್ಲ ಸುಳ್ಳು ಲೇಖನಗಳಲ್ಲ. ಬಹಳಷ್ಟು ಕಡೆ ಇಂಗ್ಲಿಷ್ ತಿದ್ದಿಸಿಕೊಂಡಿರಬಹುದು. ಭಾಷೆ ನೋಡಿ ಬರೆದವನನ್ನು ಗುರುತಿಸುವ ಕಾಲ ಮುಗಿಯಿತು ಎಂಬುದಂತೂ ಸ್ಪಷ್ಟ.

‘ಜಿಲ್ಲೆಗೆ ವಿಶೇಷ ಉಲ್ಲೇಖದೊಡನೆ’

ಯಂತ್ರ ಇಷ್ಟು ಸುಲಭವಾಗಿ ನಮ್ಮ ವಿದ್ವತ್ತಿನ ವೇಷ ತೊಡಲು ಸಾಧ್ಯವಾದದ್ದೇಕೆ? ವೇಷ ಮೊದಲೇ ಖಾಲಿಯಾಗಿ ನಿಂತಿತ್ತು ಎಂಬುದು ಕಹಿಯಾದ ಉತ್ತರ. ನಮ್ಮ ವಿಶ್ವವಿದ್ಯಾಲಯಗಳ ಸುತ್ತ ಬೆಳೆದಿರುವ ಒಂದು ಪ್ರಭೇದವನ್ನು ಓದುಗರೆಲ್ಲ ಬಲ್ಲರು: ಸ್ವಸಹಾಯ ಸಂಘಗಳ ಪಾತ್ರ, ಗ್ರಾಹಕರ ಸಂತೃಪ್ತಿ, ಅಂತರ್ಜಲದ ಗುಣಮಟ್ಟ, ಯಾವುದೋ ಒಂದು ವಿಷಯ, ಮುಂದೆ ‘ಇಂಥ ಜಿಲ್ಲೆಗೆ ವಿಶೇಷ ಉಲ್ಲೇಖದೊಡನೆ’. ಜಿಲ್ಲೆಯ ಹೆಸರು ಬದಲಿಸಿದರೆ ಲೇಖನ ಬೇರೆ ಜಿಲ್ಲೆಗೂ ಸಲ್ಲುತ್ತದೆ. ಪ್ರತಿಕ್ರಿಯೆ ಕೊಟ್ಟವರು ಯಾವ ಹೋಬಳಿಯವರು, ಪ್ರಶ್ನೆ ಕೇಳಿದ್ದು ಕನ್ನಡದಲ್ಲೋ ತೆಲುಗಿನಲ್ಲೋ, ಕೇಳಿದವರಾರು ಎಂಬ ಸುಳಿವೂ ಇರುವುದಿಲ್ಲ. ಕೊನೆಯ ಶಿಫಾರಸು ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕೆಂಬುದು. ಸೈಜೆನ್ ಹುಟ್ಟುವ ಮುಂಚೆಯೇ ಮನುಷ್ಯರು ಕೈಯಿಂದ ನಡೆಸುತ್ತಿದ್ದ ಸೈಜೆನ್ ಇದು.

ಇದನ್ನು ಬೆಳೆಸಿದ್ದು ಎಣಿಕೆಯ ವ್ಯವಸ್ಥೆ. ನೇಮಕಾತಿ, ಬಡ್ತಿಗೆ ಯುಜಿಸಿ 2010ರಲ್ಲಿ ಅಂಕಗಳ ಲೆಕ್ಕ ತಂದಿತು, ಲೇಖನವೊಂದಕ್ಕೆ ಇಷ್ಟಂಕ. ಪಿಎಚ್.ಡಿ. ಸಲ್ಲಿಸುವ ಮುನ್ನ ಲೇಖನ ಪ್ರಕಟಣೆಯೂ ಕಡ್ಡಾಯವಾಯಿತು. ಹಣ ಕೊಟ್ಟರೆ ವಾರದಲ್ಲಿ ಅಚ್ಚುಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ್ದ 1,009 ಪತ್ರಿಕೆಗಳನ್ನು ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಪರಿಶೀಲಿಸಿ, ಶೇ 88ಕ್ಕೂ ಹೆಚ್ಚು ಅನರ್ಹವೆಂದು 2018ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು. ಅದೇ ವರ್ಷ ಯುಜಿಸಿ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. 2019ರಲ್ಲಿ ‘ಕೇರ್’ ಎಂಬ ಹೊಸ ಪತ್ರಿಕಾ ಪಟ್ಟಿ ತಂದು, 2025ರ ಆರಂಭದಲ್ಲಿ ಅದನ್ನೂ ಕೈಬಿಟ್ಟಿತು. ಪಿಎಚ್.ಡಿ.ಗೆ ಪ್ರಕಟಣೆ ಕಡ್ಡಾಯವೆಂಬ ನಿಯಮ 2022ರಲ್ಲಿ ಹೋಯಿತು. ಸಂಖ್ಯೆಯ ಮೋಹ ಮಾತ್ರ ಹೋಗಲಿಲ್ಲ.

ಅದೇ ‘ಅಂತರ್ಜಲದ ಗುಣಮಟ್ಟ’ವನ್ನು ಹೊಣೆ ಹೊತ್ತು ಮಾಡಿದರೆ ಹೇಗಿರುತ್ತದೆ ಎಂಬುದಕ್ಕೆ ಪೂರ್ವ ಕರ್ನಾಟಕದ ಯುರೇನಿಯಂ ಅಧ್ಯಯನ ಸಾಕ್ಷಿ. ಕೋಲಾರ, ಚಿಕ್ಕಬಳ್ಳಾಪುರವೂ ಸೇರಿದ ಸೀಮೆಯ 73 ಹಳ್ಳಿಗಳ ಕುಡಿಯುವ ನೀರನ್ನು ಅಳೆದ ವಿಜ್ಞಾನಿಗಳು, 57 ಹಳ್ಳಿಗಳಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಮೀರಿದೆಯೆಂದು 2021ರಲ್ಲಿ ವರದಿ ಮಾಡಿದರು. ಇಲ್ಲಿ ಜಿಲ್ಲೆಯ ಹೆಸರು ಬದಲಿಸಿದರೆ ಲೇಖನ ನಿಲ್ಲುವುದಿಲ್ಲ. ಆ ಯುರೇನಿಯಂ ಈ ನೆಲದಡಿಯ ಹಳೆಯ ಗ್ರಾನೈಟ್ ಬಂಡೆಯದು.

ಪತ್ತೆಯ ಸಾಧನ, ಪತ್ತೆಯ ಅನ್ಯಾಯ

ಹಾಗಾದರೆ ಪತ್ತೆಹಚ್ಚುವ ತಂತ್ರಾಂಶಕ್ಕೆ ಬಿಡೋಣವೆ? ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ 10ರವರೆಗಿದ್ದರೆ ಶಿಕ್ಷೆಯಿಲ್ಲ. 40 ಮತ್ತು 60 ಮುಂದಿನ ಗೆರೆಗಳು. ಆದರೆ ಈ ತಂತ್ರಾಂಶ ನೋಡುವುದು ಪದಗಳ ಹೋಲಿಕೆ. ಭಾಷಾ ಮಾದರಿ ಯಾರದನ್ನೂ ಸಾಲುಸಾಲಾಗಿ ಕದಿಯುವುದಿಲ್ಲವಾದ್ದರಿಂದ ಅದರ ಲೇಖನ ಈ ಜರಡಿಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಪ್ರಾಮಾಣಿಕವಾಗಿ ವಿಧಾನವನ್ನು ಎಲ್ಲರೂ ಬರೆಯುವ ಮಾತಿನಲ್ಲೇ ಬರೆದ ರೇಷ್ಮೆ ಕೃಷಿಯ ವಿದ್ಯಾರ್ಥಿ ಸಿಕ್ಕಿಬೀಳುತ್ತಾನೆ.

ಯಂತ್ರದ ಬರಹವನ್ನೇ ಗುರುತಿಸುತ್ತೇವೆನ್ನುವ ಸಾಧನಗಳದು ಇನ್ನೂ ದೊಡ್ಡ ತೊಡಕು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಏಳು ಪತ್ತೇದಾರಿ ತಂತ್ರಾಂಶಗಳಿಗೆ ಕೊಟ್ಟಾಗ, ಅವು ಸರಾಸರಿ ಶೇ 61ರಷ್ಟನ್ನು ಯಂತ್ರದ ಬರಹವೆಂದು ಜರೆದವು. ಸರಳ ಪದ, ಕಲಿತ ವಾಕ್ಯ, ಸೀಮಿತ ಶಬ್ದಭಂಡಾರ ಇವೇ ಕಾರಣ. ಓಪನ್‌ಎಐ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು ಅದೇ ವರ್ಷದ ಜುಲೈನಲ್ಲಿ ಹಿಂತೆಗೆಯಿತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪ್ರಬಂಧಕ್ಕೆ ಇಂಗ್ಲಿಷ್ ಎಂಬ ಸ್ಥಿತಿ ಚಿಂತಾಮಣಿ, ಬಾಗೇಪಲ್ಲಿ ಕಡೆಯ ಎಷ್ಟೋ ಮಕ್ಕಳದು. ಅವರ ಕಷ್ಟಪಟ್ಟ ಇಂಗ್ಲಿಷನ್ನು ಯಂತ್ರದ್ದೆಂದು, ಯಂತ್ರದ ನಯವಾದ ಇಂಗ್ಲಿಷನ್ನು ಮನುಷ್ಯನದೆಂದು ಸಾಧನ ತೀರ್ಪು ಕೊಟ್ಟರೆ ದಂಡ ತೆರುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಕನ್ನಡ ಬರಹಕ್ಕೆ ಮತ್ತೊಂದು ಅಪಾಯ. ಭಾಷಾ ಮಾದರಿಗಳು ನಿಜವಾದ ವಿದ್ವಾಂಸರ ಹೆಸರು, ನಿಜವಾದ ಪತ್ರಿಕೆ, ನಂಬುವಂಥ ವರ್ಷ ಸೇರಿಸಿ ಇಲ್ಲದ ಲೇಖನವನ್ನು ಉಲ್ಲೇಖಿಸುವುದು ಎಲ್ಲೆಡೆ ಕಂಡಿದೆ. ಇಂಗ್ಲಿಷ್ ಲೇಖನವಾದರೆ ಅದರ ಡಿಜಿಟಲ್ ಗುರುತಾದ ಡಿಒಐ ಸಂಖ್ಯೆ ಹಾಕಿ ನೋಡಿದರೆ ಬಣ್ಣ ಬಯಲು. 1919ರಲ್ಲಿ ಶುರುವಾದ ‘ಪ್ರಬುದ್ಧ ಕರ್ನಾಟಕ’ದ ಹಳೆಯ ಸಂಚಿಕೆಗೆ ಡಿಒಐ ಎಲ್ಲಿಂದ ಬರಬೇಕು? ‘ಪ್ರಬುದ್ಧ ಕರ್ನಾಟಕ, ಸಂಪುಟ ಇಷ್ಟು, ಪುಟ ಇಷ್ಟು’ ಎಂದು ಯಂತ್ರ ಬರೆದರೆ ಸುಳ್ಳೆಂದು ತೋರಿಸಲು ಒಬ್ಬರು ಮೈಸೂರಿನ ಗ್ರಂಥಾಲಯಕ್ಕೆ ಹೋಗಿ ಧೂಳು ಕೊಡವಬೇಕು. ನಮ್ಮ ವಿದ್ವತ್ ಪತ್ರಿಕೆಗಳ ಸೂಚಿಯನ್ನು ಗಣಕೀಕರಿಸುವುದು ಇಂದು ನಕಲಿ ಉಲ್ಲೇಖದ ವಿರುದ್ಧ ಕನ್ನಡಕ್ಕಿರುವ ಮೊದಲ ರಕ್ಷಣೆ.

ಶಿಡ್ಲಘಟ್ಟದ ರೀಲರ್ ಕೇಳುವ ಪ್ರಶ್ನೆ

ಭಾಷೆ, ರೂಪ, ಹೋಲಿಕೆಯ ಶೇಕಡಾವಾರು ಯಾವುದೂ ಕೈಹಿಡಿಯದಿದ್ದರೆ ಉಳಿಯುವುದು ವಿಷಯದೊಳಗಿನ ಪರೀಕ್ಷೆ. ಒಂದು ರೇಷ್ಮೆ ಲೇಖನವನ್ನು ಊಹಿಸಿಕೊಳ್ಳಿ. ಹೊಸ ಪೋಷಕಾಂಶ ಸಿಂಪಡಿಸಿದ ಹಿಪ್ಪುನೇರಳೆ ಸೊಪ್ಪು ತಿಂದ ದ್ವಿತಳಿ ಹುಳುಗಳ ಗೂಡಿನಲ್ಲಿ ಸಿಪ್ಪೆಯ ಪ್ರಮಾಣ ಶೇ 20, ರೆಂಡಿಟ್ಟಾ 4 ಎಂದು ಕೋಷ್ಟಕ ಹೇಳುತ್ತದೆ. ಸಂಖ್ಯಾಶಾಸ್ತ್ರದ ಚಿಹ್ನೆಗಳು, ನಕ್ಷತ್ರಗುರುತುಗಳು ಎಲ್ಲ ಸರಿಯಾಗಿವೆ. ಪರಿಶೀಲಕ ದಾಟಿಸಿಬಿಡಬಹುದು.

ಗೂಡಿನಿಂದ ನೂಲು ತೆಗೆಯುವ ಶಿಡ್ಲಘಟ್ಟದ ರೀಲರ್ ದಾಟಿಸುವುದಿಲ್ಲ. ಒಂದು ಕೆ.ಜಿ. ಕಚ್ಚಾ ರೇಷ್ಮೆಗೆ ಎಷ್ಟು ಕೆ.ಜಿ. ಗೂಡು ಬೇಕೋ ಅದು ರೆಂಡಿಟ್ಟಾ. ದ್ವಿತಳಿಗೆ ಅದು ಸುಮಾರು 6, ಮಿಶ್ರತಳಿಗೆ 7-8. ಶೇ 20 ಸಿಪ್ಪೆಯ ಗೂಡು ನಾಲ್ಕು ಕೆ.ಜಿ. ತಂದರೆ ಒಳಗಿನ ಹುಳುವಿನ ತೂಕ ಕಳೆದು ಸಿಪ್ಪೆ ಉಳಿಯುವುದು 800 ಗ್ರಾಂ. ಅದರಲ್ಲೂ ಮೇಲಿನ ಜುಂಗು, ಕೊನೆಯ ತೆಳು ಪದರ ನೂಲಾಗುವುದಿಲ್ಲ. 800 ಗ್ರಾಂ ಸಿಪ್ಪೆಯಿಂದ ಒಂದು ಕೆ.ಜಿ. ನೂಲು ತೆಗೆಯುವ ವಿದ್ಯೆ ಯಾವ ಫಿಲೇಚರಿನಲ್ಲೂ ಇಲ್ಲ. ಕೋಷ್ಟಕದ ಎರಡು ಅಂಕಿಗಳೇ ಪರಸ್ಪರ ಜಗಳವಾಡುತ್ತಿವೆ. ಯಂತ್ರಕ್ಕೆ ಅದು ಕಾಣಲಿಲ್ಲ, ಯಾಕೆಂದರೆ ಅದು ಗೂಡು ತೂಗಿಲ್ಲ. ಎರಡೂ ಅಂಕಿಗಳನ್ನು ಬೇರೆಬೇರೆ ವಾಕ್ಯಗಳಿಂದ ಕಲಿತಿದೆ. ನಾಳೆಯ ಮಾದರಿ ಈ ಲೆಕ್ಕವನ್ನೂ ಸರಿಮಾಡಿಕೊಳ್ಳಬಹುದು. ಆಗ ಕೇಳಬೇಕಾದದ್ದು: ಯಾರ ಹುಳುಮನೆ, ಯಾವ ತಿಂಗಳ ಬೆಳೆ, 100 ಮೊಟ್ಟೆಗೆ ಎಷ್ಟು ಕೆ.ಜಿ. ಬಂತು, ಊಜಿ ನೊಣದಿಂದ ಎಷ್ಟು ಹೋಯಿತು, ಗೂಡು ಯಾವ ದಿನದ ಹರಾಜಿನಲ್ಲಿ ಮಾರಾಟವಾಯಿತು, ಚೀಟಿ ಎಲ್ಲಿ? ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜೇ ಇದೆ, ಸುತ್ತ ಬೆಳೆಗಾರರಿದ್ದಾರೆ. ಇದಕ್ಕಿಂತ ಒಳ್ಳೆಯ ಪರಿಶೀಲನಾ ಮಂಡಳಿ ಯಾವ ವಿದೇಶಿ ಪತ್ರಿಕೆಗೂ ಸಿಗದು.

ಏನು ಉಳಿಯಬೇಕು

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದರು. ಸಮಿತಿ ಕೇಳಿದ್ದು ಇಷ್ಟೇ: ನೀವು ಹೇಳುವುದನ್ನು ನಾವು ನಿಗದಿಮಾಡಿದ ಸ್ಥಿತಿಯಲ್ಲಿ, ನಮ್ಮೆದುರು ಮಾಡಿ ತೋರಿಸಿ. ಬಹುಮಟ್ಟಿಗೆ ಬಂದ ಉತ್ತರ ಮೌನ. ಸಂಶೋಧನಾ ಲೇಖನಕ್ಕೂ ಕೇಳಬೇಕಾದ ಪ್ರಶ್ನೆ ಅದೇ, ಬರೆದದ್ದು ಮನುಷ್ಯನಾಗಲಿ ಯಂತ್ರವಾಗಲಿ.

ಈ ಸಮೀಕ್ಷೆಯಿಂದ ಹೊರಡುವ ಮಾತು ಹೀಗಿದೆ. ಕಟ್ಟುಪಾಡುಗಳನ್ನು ನೋಡಿ ಲೇಖನವನ್ನು ನಂಬುವ ದಿನ ಹೋಯಿತು. ಕಟ್ಟುಪಾಡುಗಳು ಏನನ್ನು ಕಟ್ಟಿಹಾಕಲು ಹುಟ್ಟಿದವೋ ಅದನ್ನು ನೋಡಬೇಕು. ಉಲ್ಲೇಖವಿದ್ದರೆ ಆ ಪುಟ ತೆರೆಯಬೇಕು. ವಿಧಾನವಿದ್ದರೆ ಆ ಊರು, ಆ ಉಪಕರಣ, ಆ ಕ್ಷೇತ್ರ ಟಿಪ್ಪಣಿ ಸಿಗಬೇಕು. ಮೌಖಿಕ ಪರೀಕ್ಷೆಯಲ್ಲಿ ಶೇಕಡಾವಾರು ಪ್ರಮಾಣಪತ್ರದ ಬದಲು ಟಿಪ್ಪಣಿ ಪುಸ್ತಕ ಮೇಜಿನ ಮೇಲೆ ಬರಲಿ. 2025ರ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಹಿಂತೆಗೆದ ಲೇಖನಗಳಿಗೆ ಋಣಾಂಕ ತಂದದ್ದು ಒಳ್ಳೆಯ ಆರಂಭ, ಆದರೆ ಅದೂ ಎಣಿಕೆಯೇ. ಅಧ್ಯಾಪಕರಿಗೆ ಐದು ವರ್ಷಕ್ಕೊಂದು ಲೇಖನ ಸಾಕು, ಅದನ್ನು ಪರಿಣತರು ಕೂತು ಓದುತ್ತೇವೆ ಎನ್ನುವ ವಿಶ್ವವಿದ್ಯಾಲಯ ಬಂದರೆ ನಕಲಿ ಲೇಖನದ ಮಾರುಕಟ್ಟೆಗೆ ಗಿರಾಕಿಯೇ ಇರುವುದಿಲ್ಲ. ಯಾರೂ ಓದದ ಲೇಖನವನ್ನು ಯಾರು ಬರೆದರೇನು ಎಂದು ವ್ಯವಸ್ಥೆ ಬಹಳ ಹಿಂದೆಯೇ ತೀರ್ಮಾನಿಸಿತ್ತು; ಯಂತ್ರ ಆ ಮಾತನ್ನು ಅಕ್ಷರಶಃ ಪಾಲಿಸುತ್ತಿದೆ, ಅಷ್ಟೇ.